ಗಲ್ಫ್ ಕ್ಯಾಂಪಿನಲ್ಲಿ ಸಸ್ಯಾಹಾರ: ಮೆಸ್ಸು, ಲೇಬಲ್ಲು, ರಂಜಾನು

ಪ್ರಶ್ನೆ (ಕಾಸರಗೋಡಿನ ನೀರ್ಚಾಲಿನಿಂದ): ತಮ್ಮನಿಗೆ ಸೌದಿಯ ದಮಾಮಿನಲ್ಲಿ ಕೆಲಸ ಆಗಿದೆ. ಕಂಪನಿಯದ್ದೇ ಕ್ಯಾಂಪು, ಮೆಸ್ಸಿನ ಊಟ. ನಮ್ಮಲ್ಲಿ ಮೀನು, ಮಾಂಸ, ಮೊಟ್ಟೆ ಯಾವುದೂ ಇಲ್ಲ. ಹಲಾಲ್ ಗುರುತು ಇರುವ ಬಿಸ್ಕತ್ತು, ಚೀಸು ತಿನ್ನಬಹುದೇ? ಮೆಸ್ಸಿನಲ್ಲಿ ಏನೆಂದು ಕೇಳಬೇಕು?

ಉತ್ತರ (ಆಹಾರ ತಜ್ಞೆ, ಖೋಬರ್): ಅಕ್ಕ, ಹಲಾಲ್ ಗುರುತು ನೋಡಿ ಸಸ್ಯಾಹಾರ ಅಂತ ನಂಬಬೇಡಿ. ಹಂದಿ ಇಲ್ಲ, ಮದ್ಯ ಇಲ್ಲ, ಪ್ರಾಣಿಯದ್ದಾದರೆ ಧರ್ಮದ ಕ್ರಮದಲ್ಲಿ ಕೊಯ್ದದ್ದು, ಇಷ್ಟೇ ಅದರ ಅರ್ಥ. ಹಲಾಲ್ ಜೆಲಾಟಿನ್ (ಪ್ರಾಣಿಯ ಚರ್ಮ, ಮೂಳೆಯಿಂದ ತೆಗೆದ ಅಂಟು) ಹೆಚ್ಚಾಗಿ ದನದ್ದು, ಇಲ್ಲವೇ ಮೀನಿನದ್ದು. ಜೆಲ್ಲಿ, ಮಾರ್ಷ್‌ಮೆಲೋಗಳಲ್ಲಿ ಮಾತ್ರವಲ್ಲ, ಕೆಲವು ಮೊಸರು, ಕ್ರೀಮುಗಳಿಗೂ ಗಟ್ಟಿ ಬರಲೆಂದು ಅದನ್ನು ಸೇರಿಸುತ್ತಾರೆ. ಊರಿನ ಪೊಟ್ಟಣದಲ್ಲಿರುವ ಹಸಿರು ಚುಕ್ಕಿ ಭಾರತದ ಕಾನೂನು. ಗಲ್ಫಿನಲ್ಲಿ ತಯಾರಾದ ಮಾಲಿನಲ್ಲಿ ಅದನ್ನು ನಿರೀಕ್ಷಿಸುವ ಹಾಗಿಲ್ಲ.

ಆದ್ದರಿಂದ ಪೊಟ್ಟಣದ ಹಿಂಬದಿ ಓದುವುದನ್ನು ತಮ್ಮ ಮೊದಲ ವಾರವೇ ರೂಢಿ ಮಾಡಿಕೊಳ್ಳಲಿ. ‘ಇ’ ಸಂಖ್ಯೆಗಳು ಆಹಾರಕ್ಕೆ ಸೇರಿಸುವ ಬಣ್ಣ, ರುಚಿಕಾರಕ ಮೊದಲಾದವುಗಳ ಗುರುತು. ಇ 120 ಅಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ. ಇ 631 ಚಿಪ್ಸ್, ನೂಡಲ್ಸ್ ಮಸಾಲೆಗಳಲ್ಲಿ ಬರುತ್ತದೆ, ಹಲವು ಸಲ ಮಾಂಸ ಅಥವಾ ಮೀನಿನ ಮೂಲದ್ದು. ಇ 471 ಬ್ರೆಡ್ಡು, ಐಸ್‌ಕ್ರೀಮುಗಳಲ್ಲಿ ಸಾಮಾನ್ಯ. ಗಿಡದ ಎಣ್ಣೆಯಿಂದಲೂ ಮಾಡುತ್ತಾರೆ, ಪ್ರಾಣಿ ಕೊಬ್ಬಿನಿಂದಲೂ ಮಾಡುತ್ತಾರೆ. ‘ವೆಜಿಟೇಬಲ್’ ಎಂದು ಪಕ್ಕದಲ್ಲಿ ಬರೆದಿದ್ದರೆ ಮಾತ್ರ ತೆಗೆದುಕೊಳ್ಳಲಿ. ಚೀಸಿನಲ್ಲಿ ಬರೀ ‘ರೆನ್ನೆಟ್’ (ಹಾಲು ಗಟ್ಟಿಯಾಗಿಸುವ ವಸ್ತು) ಎಂದಿದ್ದರೆ ಅದು ಕರುವಿನ ಹೊಟ್ಟೆಯಿಂದ ತೆಗೆದದ್ದಿರಬಹುದು, ಬಿಟ್ಟುಬಿಡಲಿ. ‘ಮೈಕ್ರೋಬಿಯಲ್ ರೆನ್ನೆಟ್’ (ಸೂಕ್ಷ್ಮಜೀವಿಗಳಿಂದ ತೆಗೆದದ್ದು) ಆದರೆ ಅಡ್ಡಿಯಿಲ್ಲ.

ಇನ್ನು ಮೆಸ್ಸು. ಅಲ್ಲಿ ಎಲ್ಲರೂ ಕೇಳುವುದು “ಇದರಲ್ಲಿ ಮಾಂಸ ಉಂಟಾ?” ಎಂದು. ತುಂಡು ಇಲ್ಲದಿದ್ದರೆ ಅಡುಗೆಯವರು “ಇಲ್ಲ” ಎನ್ನುತ್ತಾರೆ. ಅದು ಸುಳ್ಳಲ್ಲ, ಕೇಳಿದ್ದಕ್ಕೆ ಸರಿಯಾದ ಉತ್ತರವೇ. ಕೇಳಬೇಕಾದ್ದು ಬೇರೆ: ಯಾವ ನೀರಿನಲ್ಲಿ ಬೇಯಿಸಿದ್ದು? ಚಿಕನ್ ಕ್ಯೂಬ್ ಹಾಕಿದ್ದಾ? ಯಾವ ಎಣ್ಣೆಯಲ್ಲಿ ಕರಿದದ್ದು? ಕಬ್ಸ, ‘ಮಂದಿ’ ಎಂಬ ಅರಬಿ ಅಡುಗೆಗಳ ಅನ್ನ ಮಾಂಸ ಬೆಂದ ನೀರಿನಲ್ಲೇ ಬೇಯುವುದು. ತುಂಡು ಬದಿಗೆ ಸರಿಸಿ ಬರೀ ಅನ್ನ ಬಡಿಸಿದರೂ ಅದು ನಮಗಲ್ಲ. ಬಿರಿಯಾಣಿ ಹೋಟೆಲಿನ ಕುಸ್ಕ ಕೂಡ ಅದೇ ಪಾತ್ರೆಯದ್ದು. ‘ಶೋರ್ಬತ್ ಅದಸ್’ ಎಂಬ ಬೇಳೆ ಸೂಪು ನೋಡಲು ನಮ್ಮ ತೊವ್ವೆಯಂತೆಯೇ ಇರುತ್ತದೆ, ಆದರೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುವವರು ಬಹಳ. ಪೊರೋಟದ ಹಿಟ್ಟಿಗೆ ಮೊಟ್ಟೆ ಸೇರಿಸುತ್ತಾರೆ. ತೆಂಗಿನಕಾಯಿ ಚಮ್ಮಂದಿಯಲ್ಲಿ (ಚಟ್ನಿಯಲ್ಲಿ) ಒಣ ಸಿಗಡಿ ಇರಬಹುದು.

ಕಾಸರಗೋಡಿನವರಿಗೆ ಒಂದು ದೊಡ್ಡ ಅನುಕೂಲ ಇದೆ. ಗಲ್ಫಿನ ಕೆಫೆಟೇರಿಯ, ಮೆಸ್ಸುಗಳಲ್ಲಿ ಮಲಬಾರಿನ ಅಡುಗೆಯವರು ಬಹಳ. ಮಲಯಾಳದಲ್ಲಿ ಒಂದು ಸಲ ವಿವರವಾಗಿ ಹೇಳಿದರೆ ಮರುದಿನದಿಂದ ಅವರೇ ನೆನಪಿಟ್ಟು ಬೇರೆ ತೆಗೆದಿಡುತ್ತಾರೆ. ಅರಬಿ ಹೋಟೆಲಿನಲ್ಲಾದರೆ “ಅನಾ ನಬಾತಿ” (ನಾನು ಸಸ್ಯಾಹಾರಿ) ಎಂದಷ್ಟೇ ಹೇಳಿ ನಿಲ್ಲಿಸಬಾರದು. “ಬಿದೂನ್ ಲಹಮ್, ಬಿದೂನ್ ದಜಾಜ್, ಬಿದೂನ್ ಮರಗ್” ಎಂದೂ ಸೇರಿಸಬೇಕು: ಮಾಂಸ ಬೇಡ, ಕೋಳಿ ಬೇಡ, ಅವುಗಳ ಸಾರೂ ಬೇಡ. ಹುಮ್ಮುಸ್ (ಅರೆದ ಕಡಲೆ), ಮುತಬ್ಬಲ್ (ಸುಟ್ಟ ಬದನೆಯ ಗೊಜ್ಜು), ತಬ್ಬೂಲೆ (ಸೊಪ್ಪಿನ ಕೋಸಂಬರಿ), ಬೆಳಿಗ್ಗೆ ಸಿಗುವ ಫೂಲ್ (ಬೇಯಿಸಿ ಹಿಸುಕಿದ ಅವರೆಯಂಥ ಕಾಳು), ಖುಬ್ಜ್ (ಅರಬಿ ರೊಟ್ಟಿ), ಲಬನ್ (ಮಜ್ಜಿಗೆ) ಇವನ್ನು ನೆಚ್ಚಿಕೊಳ್ಳಬಹುದು. ಫಲಾಫೆಲ್ ಎಂಬ ವಡೆ ಕಡಲೆಯದ್ದೇ, ಆದರೆ ಕರಿದ ಬಾಣಲೆ ಯಾವುದೆಂದು ಕೇಳಲೇಬೇಕು.

ಉತ್ತರ (ಕ್ಯಾಂಪ್ ಕೇಟರಿಂಗ್ ಮೇಲ್ವಿಚಾರಕ, ಜುಬೈಲ್): ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೆಸ್ಸಿನಲ್ಲಿ ತಲೆ ಲೆಕ್ಕದ ಮೇಲೆ ಅಡುಗೆ. ವೆಜ್ ಲಿಸ್ಟಿನಲ್ಲಿ ಹೆಸರಿಲ್ಲದವರಿಗೆ ಕೊನೆಗೆ ಸಿಗುವುದು ಅನ್ನ, ಮೊಸರು ಅಷ್ಟೇ. ಹೋದ ದಿನವೇ ಕ್ಯಾಂಪ್ ಬಾಸ್ (ಕ್ಯಾಂಪಿನ ಉಸ್ತುವಾರಿ) ಹತ್ತಿರ ಹೆಸರು ಬರೆಸಬೇಕು, ಮೊಟ್ಟೆಯೂ ಬೇಡ ಎಂದು ಬಿಡಿಸಿ ಹೇಳಬೇಕು. ಅಡುಗೆಮನೆಯ ಲೆಕ್ಕದಲ್ಲಿ ವೆಜ್ಜಿನವರಿಗೆ ಮೊಟ್ಟೆ ಆಗುತ್ತದೆ. ಅದಕ್ಕಿಂತ ಒಳ್ಳೆಯದು, ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮೆಸ್ಸಿನ ಬದಲು ಫುಡ್ ಅಲೊವೆನ್ಸ್ ಕೇಳುವುದು. ಒಮ್ಮೆ ಸಹಿ ಆದ ಮೇಲೆ ಬದಲಿಸುವುದು ಕಷ್ಟ. ಕೋಣೆಯಲ್ಲಿ ಅಡುಗೆಗೆ ಅನುಮತಿ ಇದೆಯೇ ಎಂದೂ ಆಗಲೇ ಕೇಳಿಕೊಳ್ಳಿ. ಬೆಂಕಿಯ ಭಯಕ್ಕೆ ಹಲವು ಕ್ಯಾಂಪುಗಳಲ್ಲಿ ಇಂಡಕ್ಷನ್, ಹೀಟರುಗಳನ್ನು ಎತ್ತಿಕೊಂಡು ಹೋಗುತ್ತಾರೆ. ಅಲ್ಲಿಯ ಪ್ಲಗ್ಗು ಚೌಕ ಪಿನ್ನಿನದ್ದು, ಊರಿನ ಕುಕ್ಕರ್ ನೇರ ಕೂರುವುದಿಲ್ಲ.

ಪ್ರಶ್ನೆ (ಪೆರ್ಲದಿಂದ): ಅಮ್ಮ ಮಸಾಲೆ ಪುಡಿ, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಕಟ್ಟಿಕೊಡುತ್ತಾರೆ. ತೊಂದರೆ ಇಲ್ಲ ಅಲ್ಲವೇ? ನಾನು ಹೋಗುವುದು ಶಾರ್ಜಕ್ಕೆ.

ಉತ್ತರ (ಆಹಾರ ತಜ್ಞೆ): ಹಪ್ಪಳ ತೊಂದರೆ ಇಲ್ಲ. ಉಪ್ಪಿನಕಾಯಿ ಎಣ್ಣೆ ಸೋರದಂತೆ ಎರಡು ಪದರ ಕಟ್ಟಿ ಚೆಕ್-ಇನ್ ಚೀಲಕ್ಕೆ ಹಾಕಿ. ಮಸಾಲೆ ಪುಡಿಯಲ್ಲಿ ಗಸಗಸೆ ಇದೆಯೇ ಎಂದು ಅಮ್ಮನಲ್ಲಿ ಇವತ್ತೇ ಕೇಳಿ. ಯುಎಇ, ಸೌದಿ, ಕತಾರ್‌ಗಳಲ್ಲಿ ಗಸಗಸೆ ಅಫೀಮು ಗಿಡದ ಬೀಜ ಎಂಬ ಕಾರಣಕ್ಕೆ ಪೂರ್ತಿ ನಿಷಿದ್ಧ. ಪಾಯಸಕ್ಕೆಂದು ಇಟ್ಟುಕೊಂಡ ಒಂದು ಹಿಡಿ ಕೂಡ ಜೈಲಿನ ವಿಷಯ, ಗೊತ್ತಿರಲಿಲ್ಲ ಎಂದರೆ ಕೇಳುವವರಿಲ್ಲ. ಕುರ್ಮದ ಪುಡಿ, ಅಂಗಡಿಯ ಗರಂ ಮಸಾಲೆ ಪೊಟ್ಟಣ ಎಲ್ಲವನ್ನೂ ಓದಿ ನೋಡಿ. ಸಾರು ಗಟ್ಟಿಯಾಗಲು ಅದರ ಬದಲು ಗೇರುಬೀಜ ಅಥವಾ ಬಿಳಿ ಎಳ್ಳು ಹಾಕಿ ಹುರಿದರೆ ಸಾಕು.

ವೀಳ್ಯದೆಲೆಯೂ ಯುಎಇಗೆ ಬೇಡ, ಪೂಜೆಗೆಂದಾದರೂ ಬೇಡ. ಇಡೀ ಒಣ ಕೊಬ್ಬರಿಯನ್ನು ವಿಮಾನದವರೇ ತಡೆಯುತ್ತಾರೆ, ಎಣ್ಣೆ ಅಂಶದಿಂದ ತಾನಾಗಿ ಹೊತ್ತಿಕೊಳ್ಳಬಹುದೆಂದು. ಅರಿಷ್ಟ, ಆಸವಗಳಲ್ಲಿ ತಾನಾಗಿ ಹುಟ್ಟಿದ ಮದ್ಯ ಇರುತ್ತದೆ, ಶೀಶೆಯ ಮೇಲೂ ಹಾಗೆಂದು ಬರೆದಿರುತ್ತದೆ. ಊರಲ್ಲೇ ಬಿಟ್ಟು ಹೋಗಿ. ಕುಚ್ಚಲಕ್ಕಿ, ತೊಂಡೆಕಾಯಿ, ನುಗ್ಗೆಕಾಯಿ ಶಾರ್ಜದ ಮಲಯಾಳಿ ಅಂಗಡಿಗಳಲ್ಲೇ ಸಿಗುತ್ತವೆ, ಭಾರ ಹೊರಬೇಡಿ.

ಪ್ರಶ್ನೆ (ನೀರ್ಚಾಲಿನವರೇ): ರಂಜಾನಿನಲ್ಲಿ ಹಗಲು ಊಟ ಹೇಗೆ? ಅಲ್ಲಿ ಬರೀ ಅನ್ನ-ಮೊಸರಿನಲ್ಲಿ ಶಕ್ತಿ ಸಾಕಾಗುತ್ತದಾ?

ಉತ್ತರ (ಆಹಾರ ತಜ್ಞೆ): ಶಕ್ತಿಯ ಲೆಕ್ಕ ಮೊದಲು. 60 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ಒಣ ಬೇಳೆಯಿಂದ ಸುಮಾರು 22 ಗ್ರಾಂ, ಅರ್ಧ ಲೀಟರ್ ಹಾಲಿನಿಂದ 16 ಗ್ರಾಂ ಬರುತ್ತದೆ. ಉಳಿದದ್ದನ್ನು ಅನ್ನ, ಖುಬ್ಜ್ ತುಂಬಿಸುತ್ತವೆ. ಹಾಲು, ಲಬನ್ ಬಿಡಬಾರದು. ಬಿ12 ಸಿಗುವುದು ಅದರಲ್ಲೇ.

ರಂಜಾನು ಪ್ರತಿ ವರ್ಷ 10-11 ದಿನ ಮುಂಚೆ ಬರುತ್ತದೆ. ಸೌದಿಯಲ್ಲಿ ಹಗಲು ಹೊತ್ತು ನಾಲ್ಕು ಜನರ ಎದುರು ತಿನ್ನುವುದು, ಕುಡಿಯುವುದು, ಸಿಗರೇಟು, ಚೂಯಿಂಗ್ ಗಮ್ ಯಾವುದೂ ಕೂಡದು, ಬೇರೆ ಧರ್ಮದವರಿಗೂ. ನಿಲ್ಲಿಸಿದ ಕಾರಿನೊಳಗೆ ನೀರು ಕುಡಿದರೂ ಅದು ಸಾರ್ವಜನಿಕ ಜಾಗವೇ. ಕುವೈತಿನಲ್ಲಿ ಇದಕ್ಕೆ 1968ರ ಕಾನೂನೇ ಇದೆ: 100 ದಿನಾರ್ ವರೆಗೆ ದಂಡ, ಒಂದು ತಿಂಗಳವರೆಗೆ ಜೈಲು. ಕೋಣೆಯೊಳಗೆ ಅಥವಾ ಕಂಪನಿ ತೋರಿಸಿದ ಮುಚ್ಚಿದ ಜಾಗದಲ್ಲಿ ತಿನ್ನಲು ಅಡ್ಡಿಯಿಲ್ಲ.

ತೊಂದರೆ ಬರುವುದು ಮೆಸ್ಸಿನ ಹೊತ್ತು ಬದಲಾಗುವುದರಿಂದ. ಮಧ್ಯಾಹ್ನದ ಊಟ ನಿಂತು ಇಫ್ತಾರ್ (ಸೂರ್ಯ ಮುಳುಗಿದ ಮೇಲಿನ ಊಟ), ಸುಹೂರ್ (ಬೆಳಗಿನ ಜಾವದ ಊಟ) ಶುರುವಾಗುತ್ತದೆ. ಒಂದು ವಾರ ಮೊದಲೇ ಕ್ಯಾಂಪ್ ಬಾಸ್ ಹತ್ತಿರ ಹಗಲಿನ ಪೊಟ್ಟಣ ಊಟ ಕೇಳಿಡಲಿ. ಇಲ್ಲದಿದ್ದರೆ ರಾತ್ರಿಯ ಚಪಾತಿ-ಪಲ್ಯ ಫ್ರಿಜ್ಜಿನಲ್ಲಿಟ್ಟು ಮರುದಿನ ಕೋಣೆಯಲ್ಲೇ ತಿನ್ನಬಹುದು. ಸಾಂಬಾರು, ಅನ್ನ ಹೊರಗಿಟ್ಟರೆ ಅಲ್ಲಿಯ ಸೆಕೆಗೆ ಬೇಗ ಕೆಡುತ್ತದೆ.

ಇಫ್ತಾರಿಗೆ ಕರೆದರೆ ಖಂಡಿತ ಹೋಗಲಿ. ಖರ್ಜೂರ, ಲಬನ್, ಹಣ್ಣು ಧೈರ್ಯವಾಗಿ ತಿನ್ನಬಹುದು. ‘ಹರೀಸ್’ ಎಂಬುದು ಗಂಜಿಯ ಹಾಗೆ ಕಂಡರೂ ಮಾಂಸ ಸೇರಿಸಿ ಕಡೆದ ಗೋಧಿ ಅದು. ಸಂಬೂಸದ (ಸಮೋಸದ) ಒಳಗೆ ಏನಿದೆ ಎಂದು ಕೇಳಿಯೇ ಕಚ್ಚಲಿ. ಗಹ್ವ (ಅರಬಿ ಕಾಫಿ) ಕುಡಿದು ಮುಗಿದ ಮೇಲೆ ಲೋಟವನ್ನು ಎಡಬಲ ಸ್ವಲ್ಪ ಅಲ್ಲಾಡಿಸಿ ಕೊಟ್ಟರೆ ಸಾಕು ಎಂದರ್ಥ. ಹಾಗೇ ಕೊಟ್ಟರೆ ಮತ್ತೆ ತುಂಬಿಸುತ್ತಾರೆ.