ಪದಚರ್ಚೆ: ಲಿವರ್ ಎಂಆರ್‌ಐ ವರದಿಯ ‘ವಾಷ್‌ಔಟ್’ಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಲಿವರ್ ಗಡ್ಡೆಯನ್ನು ಎಂಆರ್‌ಐನಲ್ಲಿ ಹೇಗೆ ಗುರುತಿಸುತ್ತಾರೆ ಅನ್ನುವುದನ್ನು ರೋಗಿಗಳಿಗೂ ಅವರ ಮನೆಯವರಿಗೂ ತಿಳಿಸಲು ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಅದರಲ್ಲಿ ‘ವಾಷ್‌ಔಟ್’ ಪದಕ್ಕೆ ನಿಮ್ಮ ಸಲಹೆ ಬೇಕು. ‘ತೊಳೆದುಹೋಗಿದೆ’ ಎಂದು ಬರೆದರೆ ಓದಿದವರು ಗಡ್ಡೆಯೇ ಹೋಯಿತು ಅಂದುಕೊಳ್ಳಬಹುದು, ಅಲ್ವಾ? ನಿಜದಲ್ಲಿ ಅದು ಕ್ಯಾನ್ಸರ್ ಇರಬಹುದೆಂಬ ಗಟ್ಟಿ ಸುಳಿವು. ಭಯದಲ್ಲಿರುವವರ ಕೈಗೆ ಹೋಗುವ ಬರಹದಲ್ಲಿ ಅರ್ಥ ಹೀಗೆ ತಲೆಕೆಳಗಾಗಬಾರದು.

ಆಗುವುದು ಇಷ್ಟು. ಗ್ಯಾಡೊಲಿನಿಯಂ ಇರುವ ಕಾಂಟ್ರಾಸ್ಟ್ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದು ಸೇರಿದ ಜಾಗ ಟಿ1 ಅನ್ನುವ ಬಗೆಯ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಔಷಧಿ ಬಣ್ಣ ಬಳಿಯುವುದಿಲ್ಲ, ಯಂತ್ರದ ರೇಡಿಯೋ ಅಲೆಗೆ ಕದಲಿದ ಅಕ್ಕಪಕ್ಕದ ನೀರಿನ ಪ್ರೋಟಾನ್‌ಗಳು ಬೇಗ ಮೊದಲಿನ ಸ್ಥಿತಿಗೆ ಮರಳುವಂತೆ ಮಾಡುತ್ತದೆ. ಅದಕ್ಕೇ ‘ಬಣ್ಣದ ಇಂಜೆಕ್ಷನ್’ ಅನ್ನುವ ಮಾತನ್ನು ನಾನು ಕೈಬಿಟ್ಟಿದ್ದೇನೆ.

ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ರಕ್ತ ತರುವ ಪೋರ್ಟಲ್ ರಕ್ತನಾಳದ್ದು, ಉಳಿದದ್ದು ಅಪಧಮನಿಯದ್ದು. ಲಿವರ್ ಕೋಶಗಳಿಂದಲೇ ಹುಟ್ಟುವ ಹೆಪಟೋಸೆಲ್ಯುಲರ್ ಕಾರ್ಸಿನೋಮ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ನೆಚ್ಚಿರುತ್ತದೆ. ಹಾಗಾಗಿ ಔಷಧಿ ಅಪಧಮನಿಯಲ್ಲಿ ಬರುವಾಗ ಗಡ್ಡೆ ಸುತ್ತಲಿನ ಲಿವರ್‌ಗಿಂತ ಮೊದಲೇ ಬೆಳಗುತ್ತದೆ. ಆಮೇಲೆ ಔಷಧಿ ಪೋರ್ಟಲ್ ರಕ್ತನಾಳದ ಮೂಲಕ ಬರುವ ಪೋರ್ಟಲ್ ಹಂತದಲ್ಲಿ ಲಿವರ್ ಬೆಳಗುತ್ತದೆ, ಗಡ್ಡೆ ಅದಕ್ಕಿಂತ ಮಂಕಾಗುತ್ತದೆ. ಇದೇ ವಾಷ್‌ಔಟ್. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇರುವವರಲ್ಲಿ 1 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡ ಗಡ್ಡೆಯಲ್ಲಿ ಈ ಎರಡೂ ಕಂಡರೆ, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಇಲ್ಲದೆಯೂ ಕ್ಯಾನ್ಸರ್ ಎಂದು ತೀರ್ಮಾನಿಸುವುದುಂಟು.

ಗಡ್ಡೆ ಮೊದಲು ಬೆಳಗುವುದಕ್ಕೆ ‘ಹೊಳಪೇರಿಕೆ’, ಆಮೇಲೆ ಮಂಕಾಗುವ ವಾಷ್‌ಔಟ್‌ಗೆ ‘ಹೊಳಪಿಳಿತ’ ಎಂದು ಬರೆದುಕೊಂಡಿದ್ದೇನೆ. ಏರು, ಇಳಿ ಎಲ್ಲರಿಗೂ ಗೊತ್ತಿರುವ ಮಾತು. ವಾಕ್ಯದಲ್ಲೂ ‘ಗಡ್ಡೆಯ ಹೊಳಪು ಇಳಿದಿದೆ’ ಎಂದು ಸಲೀಸಾಗಿ ಹೇಳಬಹುದು. ಹಿಮಾಂಜಿಯೋಮಕ್ಕೆ ಇಷ್ಟು ಕಷ್ಟವಾಗಲಿಲ್ಲ. ಅದು ಕ್ಯಾನ್ಸರ್ ಅಲ್ಲದ, ರಕ್ತನಾಳಗಳ ಗಂಟು. ಅಲ್ಲಿ ಹೊಳಪು ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬುತ್ತಾ ಹೋಗುತ್ತದೆ. ‘ತುಂಬಿಕೆ’ ಅಂದರೆ ಸಾಕು.

ತೊಡಕು ಇರುವುದು ಗ್ಯಾಡೊಕ್ಸೆಟೇಟ್ ಬಳಸಿದಾಗ. ಪ್ರಿಮೊವಿಸ್ಟ್ ಹೆಸರಿನಲ್ಲಿ ಸಿಗುವ ಔಷಧಿ ಇದು. ಇದನ್ನು ಲಿವರ್ ಕೋಶಗಳೇ ಹೀರಿಕೊಳ್ಳುತ್ತವೆ. ಸುಮಾರು ಅರ್ಧದಷ್ಟು ಪಿತ್ತದ ಮೂಲಕ ಹೊರಹೋಗುತ್ತದೆ. ಸುಮಾರು 20 ನಿಮಿಷದ ನಂತರ ತೆಗೆದ ಚಿತ್ರದಲ್ಲಿ ಇಡೀ ಲಿವರ್ ಬೆಳ್ಳಗಿರುತ್ತದೆ. ಬೇರೆ ಅಂಗದಿಂದ ಹರಡಿ ಬಂದ ಗಡ್ಡೆಗಳಲ್ಲಿ ಲಿವರ್ ಕೋಶಗಳಿಲ್ಲ, ಹಾಗಾಗಿ ಅವು ಸಾಮಾನ್ಯವಾಗಿ ಕಪ್ಪಾಗಿ ಎದ್ದು ಕಾಣುತ್ತವೆ. ಚಿಕ್ಕವೂ ಸಿಕ್ಕಿಬೀಳುತ್ತವೆ ಅನ್ನುವುದೇ ಇದರ ದೊಡ್ಡ ಲಾಭ.

ಈ ಕಪ್ಪನ್ನೂ ‘ಹೊಳಪಿಳಿತ’ ಎಂದರೆ ತಪ್ಪಾಗುತ್ತದೆ. ಇಲ್ಲಿ ಗಡ್ಡೆಯ ಹೊಳಪು ಇಳಿದದ್ದಲ್ಲ, ಅದು ಔಷಧಿಯನ್ನು ಹೀರಲೇ ಇಲ್ಲ, ಸುತ್ತಲಿನ ಲಿವರ್ ಹೀರಿತು. ಪೋರ್ಟಲ್ ಹಂತ ಮುಗಿದ ಕೂಡಲೇ ಈ ಹೀರುವಿಕೆಯೂ ಬೆರೆಯುವುದರಿಂದ, ಈ ಔಷಧಿ ಕೊಟ್ಟಾಗ ವಾಷ್‌ಔಟ್ ಅನ್ನು ಪೋರ್ಟಲ್ ಹಂತದಲ್ಲಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಲೈ-ರ್ಯಾಡ್ಸ್ (ಲಿವರ್ ಚಿತ್ರಗಳನ್ನು ಓದಿ ವರದಿ ಬರೆಯಲು ವೈದ್ಯರು ಬಳಸುವ ಕ್ರಮ) ನಿಯಮವೂ ಹೇಳುತ್ತದೆ. ವೈದ್ಯರೇ ಇಷ್ಟು ಎಚ್ಚರದಿಂದ ಬೇರೆ ಮಾಡುವುದನ್ನು ನಾವು ಒಂದೇ ಪದದಲ್ಲಿ ಕಲಸಿಬಿಡುವುದು ಸರಿಯಲ್ಲ.

ಸದ್ಯ ಇದಕ್ಕೆ ‘ಹೀರದ ಜಾಗ’ ಎಂದಿಟ್ಟಿದ್ದೇನೆ. ಅರ್ಥ ಸರಿಯಿದೆ, ಆದರೆ ‘ಜಾಗ’ ತುಸು ಸಡಿಲ. ‘ಹೀರದ ಕಲೆ’ ವಾಸಿಯೇ? ಅಥವಾ ಇನ್ನೂ ಒಳ್ಳೆಯ ಮಾತು ನಿಮ್ಮ ಬಳಕೆಯಲ್ಲಿದೆಯೇ? ‘ಹೊಳಪಿಳಿತ’ವನ್ನು ಮೊದಲ ಸಲ ಓದಿದಾಗ ನಿಮಗೆ ಏನು ತೋಚಿತು ಅನ್ನುವುದನ್ನೂ ದಯವಿಟ್ಟು ಬರೆಯಿರಿ.