ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದ ಕುಪ್ರಾ ಕಾರನ್ನು ನಂಬಿ ಕೊಳ್ಳಬಹುದೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಮೆಲ್ಬರ್ನ್‌ನಲ್ಲಿದ್ದೇನೆ. ಕುಪ್ರಾದ ಫೊರ್ಮೆಂಟೋರ್ ಎಂಬ ಕಾರಿನ 228 ಕಿಲೋವಾಟ್ ಶಕ್ತಿಯ ಆವೃತ್ತಿಯನ್ನು ಓಡಿಸಿ ನೋಡಿ ಮನಸೋತಿದ್ದೇನೆ. ಆದರೆ ಈ ಸ್ಪ್ಯಾನಿಷ್ ಬ್ರ್ಯಾಂಡ್ ಇಲ್ಲಿಗೆ ಬಂದದ್ದೇ 2022ರಲ್ಲಿ. ನಾಳೆ ಬಾಗಿಲು ಮುಚ್ಚಿಕೊಂಡು ಹೋದರೆ ಸರ್ವಿಸ್, ಬಿಡಿಭಾಗಗಳ ಗತಿಯೇನು ಎಂಬ ಅಳುಕಿದೆ. ಮುಂದಿನ ವರ್ಷ ಮಗಳಿಗೆ ಪಿ ಪ್ಲೇಟ್ (ಹೊಸ ಚಾಲಕರಿಗೆ ಕೊಡುವ ನಿರ್ಬಂಧಿತ ಲೈಸೆನ್ಸ್) ಸಿಗಲಿದ್ದು, ಅವಳೂ ಇದೇ ಕಾರನ್ನು ಓಡಿಸುವವಳು. ದಯವಿಟ್ಟು ಸಲಹೆ ಕೊಡಿ.

ಗೀಲಾಂಗ್‌ನಿಂದ: ನಿಮ್ಮ ಅಳುಕು ಸುಮ್ಮನೆ ಹುಟ್ಟಿದ್ದಲ್ಲ. ಕುಪ್ರಾದ ಮಾತೃಸಂಸ್ಥೆಯಾದ ಸಿಯಾಟ್ 1995ರಲ್ಲಿ ಇದೇ ದೇಶಕ್ಕೆ ಬಂದು 1999ರಲ್ಲಿ ಗಂಟುಮೂಟೆ ಕಟ್ಟಿತ್ತು. ಜರ್ಮನಿಯ ಒಪೆಲ್ ಅಂತೂ 2012ರ ಸೆಪ್ಟೆಂಬರ್‌ನಲ್ಲಿ ಮಳಿಗೆ ತೆರೆದು, ವರ್ಷ ತುಂಬುವ ಮೊದಲೇ, 2013ರ ಆಗಸ್ಟ್‌ನಲ್ಲಿ, ಹೊರಡುವುದಾಗಿ ಘೋಷಿಸಿಬಿಟ್ಟಿತು. ಒಪೆಲ್ ಕೊಂಡವರನ್ನು ನೋಡಿಕೊಳ್ಳುವ ಹೊಣೆ ಆಸ್ಟ್ರೇಲಿಯಾದ ಸೋದರ ಬ್ರ್ಯಾಂಡ್ ಹೋಲ್ಡನ್ ಹೆಗಲಿಗೆ ಬಿತ್ತು. ಆ ಹೋಲ್ಡನ್ ಹೆಸರೂ 2020ರಲ್ಲಿ ಇಲ್ಲವಾಯಿತು. ಆದರೆ 2007ರಲ್ಲಿ ಮರಳಿ ಬಂದ, ಫೋಕ್ಸ್‌ವ್ಯಾಗನ್ ಸಮೂಹದ ಸ್ಕೋಡಾ ಇಂದಿಗೂ ಇಲ್ಲಿ ನೆಲೆ ನಿಂತಿದೆ. ಹಾಗಾಗಿ ಬ್ರ್ಯಾಂಡ್ ಹೊಸದೋ ಹಳೆಯದೋ ಎನ್ನುವುದಕ್ಕಿಂತ ಅದರ ಬೆನ್ನಿಗೆ ಯಾರಿದ್ದಾರೆ ಎಂಬುದನ್ನು ನೋಡಬೇಕು.

ಕುಪ್ರಾ ಕೂಡ ಫೋಕ್ಸ್‌ವ್ಯಾಗನ್ ಸಮೂಹದ್ದೇ, ಇಲ್ಲಿಗೆ ತಂದಿರುವುದೂ ಅದರ ಆಸ್ಟ್ರೇಲಿಯಾ ಶಾಖೆಯೇ. ಹಾಗಾಗಿ ನೀವು ಮೆಚ್ಚಿದ ಆವೃತ್ತಿಯ ಎರಡು ಲೀಟರ್ ಟರ್ಬೊ ಎಂಜಿನ್, ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಕೆಳಗಿನ ಚಾಸಿಗಳೆಲ್ಲ ಫೋಕ್ಸ್‌ವ್ಯಾಗನ್‌ನ ಗಾಲ್ಫ್ ಆರ್ ಕಾರಿನ ಬಂಧುಗಳೇ. ಆಯಿಲ್ ಫಿಲ್ಟರಿಗೆ ನೀವು ಪರದಾಡುವ ಪ್ರಮೇಯ ಬಾರದು. ತೊಡಕಿರುವುದು ಹೊರಮೈಯಲ್ಲಿ. ಬಂಪರ್, ದೀಪ, ಬಾಗಿಲು ಇವೆಲ್ಲ ಈ ಕಾರಿಗೇ ಮಾಡಿದವು, ಕಾರು ತಯಾರಾಗುವುದು ಬಾರ್ಸಿಲೋನಾದ ಹತ್ತಿರದ ಮಾರ್ತೊರೆಲ್‌ನಲ್ಲಿ.

ಇದನ್ನು ನಾನು ಕಲಿತದ್ದು ಬೇರೊಂದು ಯುರೋಪಿಯನ್ ಕಾರಿನಿಂದ, ಹೆಸರು ಬೇಡ. ಅದೂ ಆಗಷ್ಟೇ ಇಲ್ಲಿಗೆ ಕಾಲಿಟ್ಟಿತ್ತು. ಪಾರ್ಕಿಂಗ್‌ನಲ್ಲಿ ಯಾರೋ ತಗುಲಿಸಿ ಹೋಗಿ ಎಡಗಡೆಯ ಕನ್ನಡಿಯ ಗಾಜೂ ಕವಚವೂ ಒಡೆದವು. ಗಾಜು ವಾರದೊಳಗೆ ಬಂತು, ಕವಚ ಬರಲು ಹನ್ನೊಂದು ವಾರ ಹಿಡಿಯಿತು. ಅಷ್ಟೂ ದಿನ ಕಪ್ಪು ಟೇಪು ಸುತ್ತಿಕೊಂಡು ಓಡಾಡಿದೆ. ಮಳೆ ಬಂದಾಗೆಲ್ಲ ಟೇಪಿನ ಅಂಚು ಬಿಚ್ಚಿಕೊಂಡು ಹೆದ್ದಾರಿಯುದ್ದಕ್ಕೂ ಪಟಪಟನೆ ಬಡಿಯುತ್ತಿತ್ತು. ಆದ್ದರಿಂದ ಮಾರಾಟದವರ ಮೇಜನ್ನು ಬಿಟ್ಟು ಬಿಡಿಭಾಗಗಳ ಕೌಂಟರಿಗೆ ಹೋಗಿ, ಮುಂದಿನ ಬಂಪರ್, ಹೆಡ್‌ಲೈಟ್ ಮತ್ತು ವಿಂಡ್‌ಸ್ಕ್ರೀನ್ ಈ ದೇಶದ ಗೋದಾಮಿನಲ್ಲೇ ಇವೆಯೋ ಅಥವಾ ಹಡಗಿನಲ್ಲಿ ಬರಬೇಕೋ ಎಂದು ವಿಚಾರಿಸಿ. ರಿಪೇರಿ ತಡವಾದರೆ ಬದಲಿ ಕಾರನ್ನು ಎಷ್ಟು ದಿನ ಕೊಡುತ್ತಾರೆಂದು ವಿಮೆಯವರನ್ನೂ ಕೇಳಿಡಿ.

ಮೆಲ್ಬರ್ನ್‌ನಿಂದ: ಮೇಲಿನವರು ಮಗಳ ವಿಷಯ ಮರೆತರು. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ತೂಕದ ಪ್ರತಿ ಟನ್ನಿಗೆ 130 ಕಿಲೋವಾಟ್ ಶಕ್ತಿ ಮೀರಿದ ಕಾರನ್ನು ಪಿ ಪ್ಲೇಟ್‌ನವರು ಓಡಿಸುವಂತಿಲ್ಲ. 228 ಕಿಲೋವಾಟ್‌ನ ಕಾರು ಈ ಮಿತಿಯೊಳಗೆ ಇರಬೇಕಾದರೆ ಕನಿಷ್ಠ 1,754 ಕಿಲೋಗ್ರಾಂ ತೂಗಬೇಕು. ಫೊರ್ಮೆಂಟೋರ್ ಅಷ್ಟು ತೂಗುವುದಿಲ್ಲ. 140 ಕಿಲೋವಾಟ್‌ನ ಆವೃತ್ತಿಯಾದರೆ ತೊಂದರೆಯಿಲ್ಲ. ಇನ್ನೊಂದು ಮಾತು: ಕುಪ್ರಾ ಇಲ್ಲಿಗೆ ಬಂದದ್ದು ಏಜೆನ್ಸಿ ಪದ್ಧತಿಯಲ್ಲಿ, ಅಂದರೆ ಕಾರನ್ನು ಮಾರುವುದು ಕಂಪನಿ, ಶೋರೂಮು ಬರೀ ಮಧ್ಯವರ್ತಿ. ಆ ಪದ್ಧತಿ ಈಗಲೂ ಇದೆಯೇ ಎಂದು ಕೇಳಿ; ಇದ್ದರೆ ಬೆಲೆ ನಿಗದಿತವಾದ್ದರಿಂದ ನಮ್ಮ ಚೌಕಾಸಿಯ ಕಲೆಗೆ ಅಲ್ಲಿ ಕೆಲಸವಿಲ್ಲ. ಅದನ್ನು ಹಳೆಯ ಕಾರಿನ ವಿನಿಮಯ ಬೆಲೆಗೆ ಮೀಸಲಿಡಿ.

ಬೆಂಡಿಗೋದಿಂದ: ಕಾನೂನಿನ ಕಡೆಯಿಂದ ಎರಡು ಮಾತು. ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ಪ್ರಕಾರ, ಮಾರುವ ಮೊದಲೇ ಬೇರೆ ರೀತಿ ತಿಳಿಸಿರದಿದ್ದರೆ, ರಿಪೇರಿ ಸೌಲಭ್ಯ ಮತ್ತು ಬಿಡಿಭಾಗಗಳು ನ್ಯಾಯವಾದ ಅವಧಿಯವರೆಗೆ ದೊರೆಯುವಂತೆ ತಯಾರಕರು ನೋಡಿಕೊಳ್ಳಬೇಕು. ತಯಾರಕರಿಗೆ ಇಲ್ಲಿ ಕಚೇರಿ ಇಲ್ಲದಿದ್ದರೆ ಆ ಹೊಣೆ ಆಮದುದಾರರ ಮೇಲೆ ಬೀಳುತ್ತದೆ. ಆಮದುದಾರರೇ ದೇಶ ಬಿಟ್ಟರೆ ಈ ಹಕ್ಕು ಕಾಗದದ ಮೇಲೆ ಉಳಿಯುತ್ತದೆ, ನಿಜ. ಆದರೆ ಇಲ್ಲಿ ಕುಪ್ರಾ ಹೋದರೂ ಫೋಕ್ಸ್‌ವ್ಯಾಗನ್ ಅಂಗಡಿ ಇದ್ದೇ ಇರುತ್ತದೆ ಎಂಬ ಕಾರಣಕ್ಕೆ ನನಗೆ ಅಷ್ಟೊಂದು ಭಯವಿಲ್ಲ.

ನನ್ನ ಹಿಂದಿನ ಕಾರಿನ ಸರ್ವಿಸ್‌ಗೆ ಪ್ರತಿ ಸಲವೂ 150 ಕಿಲೋಮೀಟರ್ ದೂರದ ಮೆಲ್ಬರ್ನ್‌ಗೆ ಹೋಗಿ, ದಿನವಿಡೀ ಯಾರದೋ ಮನೆಯಲ್ಲಿ ಕಾಲ ಕಳೆದು ಬರುತ್ತಿದ್ದೆ. ಈಗ ಆ ಪಾಡು ಬೇಕಿಲ್ಲ: 2022ರ ಜುಲೈ 1ರಿಂದ ಸರ್ವಿಸ್ ಮತ್ತು ರಿಪೇರಿಯ ತಾಂತ್ರಿಕ ಮಾಹಿತಿಯನ್ನು ಸ್ವತಂತ್ರ ಮೆಕ್ಯಾನಿಕ್‌ಗಳಿಗೂ ಮಾರಲೇಬೇಕೆಂಬ ನಿಯಮ ಬಂದಿದೆ. ಸರಿಯಾದ ಭಾಗಗಳನ್ನು ಹಾಕಿ ಲಾಗ್‌ಬುಕ್‌ನಂತೆ (ಕಾರಿನ ಜೊತೆ ಬರುವ ಸರ್ವಿಸ್ ಪುಸ್ತಕ) ಕೆಲಸ ಮಾಡಿಸಿದರೆ, ಹೊರಗಡೆ ಸರ್ವಿಸ್ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ತಪ್ಪುವುದಿಲ್ಲ. ಆದ್ದರಿಂದ ಕಾರಿಗೆ ಮುಂಗಡ ಕೊಡುವ ಮೊದಲೇ ಫೋಕ್ಸ್‌ವ್ಯಾಗನ್ ಕೆಲಸ ಬಲ್ಲ ಒಬ್ಬ ಒಳ್ಳೆಯ ಮೆಕ್ಯಾನಿಕ್‌ನನ್ನು ಹುಡುಕಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ: ಎಲ್ಲರಿಗೂ ಧನ್ಯವಾದಗಳು. ಟನ್ನಿಗೆ 130 ಕಿಲೋವಾಟ್ ಎಂಬ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಶನಿವಾರ ಬಿಡಿಭಾಗಗಳ ಕೌಂಟರಿಗೆ ಹೋಗಿ ವಿಚಾರಿಸಿ, 140 ಕಿಲೋವಾಟ್‌ನದನ್ನೂ ಓಡಿಸಿ ನೋಡುತ್ತೇನೆ. ದೊಡ್ಡ ಎಂಜಿನ್ ಬೇಕೆಂದು ಹಟ ಹಿಡಿದದ್ದು ಮಗಳಲ್ಲ, ನಾನೇ ಎಂಬುದನ್ನು ಮನೆಯವರು ಈಗಾಗಲೇ ನೆನಪಿಸಿದ್ದಾರೆ.