ಕಫ್ ಎಲೆಕ್ಟ್ರೋಡ್‌ನಲ್ಲಿ ಬರ್ತಿರೋದು ನರದ ಸಿಗ್ನಲ್ಲಾ, ಸ್ನಾಯುವಿನದ್ದಾ?

ತುಂಗಾತೀರ, ಶಿವಮೊಗ್ಗ:
ಇಲಿಯ ಸಯಾಟಿಕ್ ನರಕ್ಕೆ (ಹಿಂಗಾಲಿಗೆ ಹೋಗೋ ದೊಡ್ಡ ನರ) ಸಿಲಿಕೋನ್ ಟ್ಯೂಬಿನ ಕಫ್, ಅಂದ್ರೆ ಉದ್ದಕ್ಕೆ ಸೀಳಿ ನರದ ಸುತ್ತ ತೊಡಿಸಿ ಸಿಗ್ನಲ್ ಹಿಡಿಯೋ ಕೊಳವೆ, ಮಾಡಿದ್ದೇವೆ. ಒಳವ್ಯಾಸ 1.5 ಮಿ.ಮೀ., ಉದ್ದ 10 ಮಿ.ಮೀ., ಒಳಗೆ ಮೂರು ಪ್ಲಾಟಿನಂ ಉಂಗುರ. ತುದಿಯ ಎರಡು ಉಂಗುರಗಳ ನಡುವೆ 8 ಮಿ.ಮೀ.; ಅವೆರಡನ್ನೂ ಜೋಡಿಸಿ, ನಡುವಿನದ್ದರ ಜೊತೆ ಹೋಲಿಸಿ ಅಳೆಯುತ್ತಿದ್ದೇವೆ. ಎಥಿಕ್ಸ್ ಸಮಿತಿಯ ಅನುಮತಿ ಇದೆ. ಅರಿವಳಿಕೆಯಲ್ಲಿ ಪಾದ ಉಜ್ಜಿದರೆ 60–70 ಮೈಕ್ರೋವೋಲ್ಟ್ ಬರ್ತಿದೆ. ನರದ್ದು ಇಷ್ಟು ದೊಡ್ಡದು ಇರತ್ತಾ? ಇನ್ನೊಂದು, ಕರೆಂಟ್ ಹೋಗಿ ಇನ್ವರ್ಟರ್ ಹತ್ತಿಕೊಂಡ ಕೂಡಲೇ ಗದ್ದಲ ಏರತ್ತೆ. 50 ಹರ್ಟ್ಸ್ ನಾಚ್ (ಆ ಒಂದು ಆವರ್ತನವನ್ನಷ್ಟೇ ಕಳೆಯೋ ಫಿಲ್ಟರ್) ಹಾಕಿದರೂ ಜಗ್ಗಲ್ಲ.

ಘಟ್ಟದಮೇಲೆ:
ಸ್ನಾಯುವಿನದ್ದು ಅಂತಲೇ ಹಿಡ್ಕೊಳ್ಳಿ ಮಾರಾಯ್ರೆ. ಉಜ್ಜಿದಾಗ ನರದಿಂದ ಕಫ್‌ಗೆ ಸಿಗೋದು ಕೆಲವೇ ಮೈಕ್ರೋವೋಲ್ಟ್. ಸುತ್ತಲಿನ ತೊಡೆ ಸ್ನಾಯುವಿನದ್ದು ಮಿಲಿವೋಲ್ಟ್ ಲೆಕ್ಕ.

ಮೂರು ಉಂಗುರ ಹಾಕೋದೇ ಅದನ್ನು ಕಳೆಯೋಕೆ. ಸ್ನಾಯುವಿನ ವೋಲ್ಟೇಜ್ ಕಫ್ ಒಳಗೆ ಒಂದು ತುದಿಯಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಸಮನಾಗಿ ಇಳಿಯತ್ತೆ. ಹಾಗಾಗಿ ತುದಿಗಳ ಸರಾಸರಿಯೂ ಸರಿಯಾಗಿ ಮಧ್ಯದಲ್ಲಿರುವ ಉಂಗುರದ ವೋಲ್ಟೇಜೂ ಒಂದೇ, ವಜಾ ಆಗತ್ತೆ. ಮಧ್ಯದ್ದು ಬರೀ 0.4 ಮಿ.ಮೀ. ಸರಿದಿದೆ ಅಂದ್ಕೊಳ್ಳಿ. 8 ಮಿ.ಮೀ.ಗೆ 1 ಮಿಲಿವೋಲ್ಟ್ ಇಳಿಜಾರಿದ್ದರೆ 50 ಮೈಕ್ರೋವೋಲ್ಟ್ ಉಳಿದುಬಿಡ್ತು! ನಿಮಗೆ ಬರ್ತಿರೋದೂ ಸುಮಾರು ಅಷ್ಟೇ ಅಲ್ವಾ?

ಕಫ್‌ನ ಸೀಳು ಬಾಯಿ ಬಿಟ್ಟರೂ ಇದೇ ಗತಿ. ಹೊರಗಿನಿಂದ ಮೂರು ಕಡೆ ಹೊಲಿಗೆ ದಾರ ಸುತ್ತಿ ಮುಚ್ಚಿ, ಆದರೆ ನರ ಹಿಸುಕಬಾರದು. ನರಕ್ಕಿಂತ ಸುಮಾರು ಒಂದೂವರೆ ಪಟ್ಟು ಒಳವ್ಯಾಸ ಇದ್ದರೆ ಊತಕ್ಕೂ ಜಾಗ ಇರತ್ತೆ. ಆಮೇಲೆ 800 ಹರ್ಟ್ಸ್ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತಡೆಯೋ ಫಿಲ್ಟರ್) ಹಾಕಿ. ಸ್ನಾಯುವಿನ ಸಿಗ್ನಲ್ ಹೆಚ್ಚಾಗಿ ಅದರ ಕೆಳಗೇ ಇರೋದು.

ಖಾತ್ರಿಗೆ, ಕಫ್‌ನಿಂದ ಪಾದದ ಕಡೆ ನರದ ಮೇಲೆ ಲಿಗ್ನೊಕೇನ್ (ನರ ಮರಗಟ್ಟಿಸೋ ಔಷಧಿ) ಹನಿ ಬಿಡಿ. ಪಾದದ ಸುದ್ದಿ ಅಲ್ಲೇ ನಿಲ್ಲಬೇಕು. ಕೆಲವು ನಿಮಿಷ ಕಳೆದರೂ ಸಿಗ್ನಲ್ ಹಾಗೇ ಇದ್ದರೆ ಅದು ಪಾದದಿಂದ ಬಂದಿದ್ದಲ್ಲ.

ಮಳೆಹುಳ:
ಇನ್ವರ್ಟರ್ ಸ್ಕ್ವೇರ್ ವೇವ್ ಇರಬೇಕು. ಅದರಲ್ಲಿ 50 ಒಂದೇ ಅಲ್ಲ. 150, 250 ಅಂತ ಹೊರಟು 950, 1050 ದಾಟಿ ನೇರ ನರದ ಸಿಗ್ನಲ್ ಇರೋ ಆವರ್ತನಗಳೊಳಗೇ ಬರತ್ತೆ, ನಾಚ್ ಏನು ಮಾಡತ್ತೆ ಪಾಪ. ಆಂಪ್ಲಿಫೈಯರನ್ನೂ ಲ್ಯಾಪ್‌ಟಾಪನ್ನೂ ಬ್ಯಾಟರಿ ಮೇಲೆ ಓಡಿಸಿ, ಚಾರ್ಜರ್ ಕಿತ್ತಿಡಿ.

ಈ ಪುನರ್ವಸು ಮಳೆಗೆ ಒಗೆದ ಬಟ್ಟೆಯೇ ಒಣಗಲ್ಲ, ಕನೆಕ್ಟರ್ ಒಣಗತ್ತಾ? ಬೆಸುಗೆಯ ಫ್ಲಕ್ಸ್ ಉಳಿದಿದ್ದರೆ ತೇವ ಹೀರಿ ಪಿನ್‌ಗಳ ನಡುವೆ ಸೋರಿಕೆ ಆಗತ್ತೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಜ್ಜಿ, 60 ಡಿಗ್ರಿಯಲ್ಲಿ ಒಣಗಿಸಿ, ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ.

ತುಂಗಾತೀರ:
ಉಂಗುರಗಳ ಇಂಪೀಡೆನ್ಸ್ (ಎಸಿಗೆ ಒಡ್ಡೋ ತಡೆ) ಸಲೈನ್‌ನಲ್ಲಿ, ಅಂದ್ರೆ ಉಪ್ಪುನೀರಿನಲ್ಲಿ, 1 ಕಿಲೋಹರ್ಟ್ಸ್‌ಗೆ ಅಳೆದೆವು. ಒಂದು ತುದಿ 2.1 ಕಿಲೋಓಮ್, ಇನ್ನೊಂದು 5.8.

ಘಟ್ಟದಮೇಲೆ:
ಸಿಕ್ತಲ್ಲ. ಎರಡು ತುದಿ ಜೋಡಿಸಿದಾಗ ತಡೆ ಕಡಿಮೆ ಇರೋದರದ್ದೇ ಮೇಲುಗೈ, ಹಾಗಾಗಿ ಸರಾಸರಿ 2.1ರ ತುದಿಯ ಕಡೆ ವಾಲಿದೆ. 5.8ರ ಉಂಗುರದ ಮೇಲೆ ಸಿಲಿಕೋನ್ ಅಂಟು ಹರಡಿರಬಹುದು, ಮೈಕ್ರೋಸ್ಕೋಪ್ ಕೆಳಗೆ ನೋಡಿ. ತೆಳು ಪೊರೆ ಇದ್ದರೆ ಮರದ ಕಡ್ಡಿಯಲ್ಲಿ ಎಬ್ಬಿಸಿ, ಬ್ಲೇಡ್ ಬೇಡ. ಎರಡೂ ತುದಿ ಹತ್ತಿರ ಹತ್ತಿರ ಬರದಿದ್ದರೆ ಆ ಕಫ್ ಬಿಟ್ಟು ಇನ್ನೊಂದು ಮಾಡಿ. ಮತ್ತೆ, ಸಲೈನ್‌ನಲ್ಲಿ ಮಲ್ಟಿಮೀಟರ್ ಇಟ್ಟು ಓಮ್ ನೋಡೋ ಚಾಳಿ ಇದ್ದರೆ ಬಿಡಿ, ಡಿಸಿ ಹರಿದು ಉಂಗುರದ ಮೈ ಕೆಡತ್ತೆ.